ಈಚೆ ಕಡೆಯ ಚುಕ್ಕಿ

ಬೆಟ್ಟದ ಗಾಳಿ ಕೇಂದ್ರ
ಮೇ ೬

ಅತ್ತೆಯವರಿಗೆ ನಮಸ್ಕಾರ.

ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿರುವ ನನ್ನನ್ನು ನೋಡಿ ನನಗೇ ನಗು ಬರುತ್ತಿದೆ. ಆದರೆ ಹೋದ ವಾರ ಫೋನಿನಲ್ಲಿ ಆದದ್ದು ನಿಮಗೂ ನೆನಪಿರಬೇಕು. ನೀವು ಒಂದು ಮಾತು ಶುರು ಮಾಡಿದರೆ ನಾನು ಅರ್ಧಕ್ಕೇ ಕತ್ತರಿಸಿದೆ, ನಾನು ಶುರು ಮಾಡಿದರೆ ನೀವು. ಫೋನನ್ನು ಮೊದಲು ಕುಕ್ಕಿದ್ದು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ಪಕ್ಕದಲ್ಲಿ ಕೂತಿದ್ದ ನಿಮ್ಮ ಮಗ ತಲೆ ಮೇಲೆ ಕೈಹೊತ್ತು, "ನೀವಿಬ್ರೂ ಕಾಗದ ಬರೀರಿ ಕಣೇ. ಕಾಗದದಲ್ಲಾದ್ರೆ ಒಬ್ರು ಮಾತಾಡ್ತಿರುವಾಗ ಇನ್ನೊಬ್ರು ಬಾಯಿ ಹಾಕೋಕಾಗಲ್ಲ. ವಾರಕ್ಕೊಂದ್ಸಲ ಸಾಮಾನು ತರೋಕೆ ಊರಿಗೆ ಹೋಗ್ತೀನಲ್ಲ, ಟಪಾಲು ನಾನೇ" ಅಂದರು. ಅದಕ್ಕೇ ಈ ಕಾಗದ.

ನಿನ್ನೆ ಬೆಟ್ಟದಿಂದ ಊರಿಗೆ ಹೋಗುವ ನಮ್ಮ ಲೈನು ಮತ್ತೆ ಟ್ರಿಪ್ ಆಯಿತು. ದೋಷ ಲೈನಿನಲ್ಲಿದೆ ಎಂದು ಅದನ್ನು ಕಾಯುವ ನಮ್ಮ ಕಡೆಯ ಹಳೇ ರಿಲೇ ಹೇಳಿತು, ಬ್ರೇಕರ್ ತೆರೆದು ಕರೆಂಟು ಕಡಿಯಿತು, ಬೆಟ್ಟದ ಮೇಲಿನ ಅಷ್ಟೂ ಗಾಳಿಯಂತ್ರಗಳು ಕೆಲಸವಿಲ್ಲದೆ ಸುಮ್ಮನೆ ನಿಂತವು. ಲೈನಿನ ಮೇಸ್ತ್ರಿ ಎಂದಮೇಲೆ ನಿಮ್ಮ ಮಗ ಹೊರಡಲೇಬೇಕಲ್ಲ. ಬೆಟ್ಟದಿಂದ ಕಣಿವೆಯವರೆಗೆ ಗೋಪುರ ಗೋಪುರದ ಬುಡದಲ್ಲೂ ನಿಂತು ಕತ್ತೆತ್ತಿ ನೋಡಿಕೊಂಡು ನಡೆದರು. ಏನೂ ಸಿಗಲಿಲ್ಲ. ಕಲ್ಲು ಜಾರಿ ಮೊಣಕಾಲು ಊದಿಸಿಕೊಂಡು ಬಂದಿದ್ದಾರೆ. ನಿಮಗೆ ಹೇಳಬೇಡ ಅಂದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲದ ದೋಷವನ್ನು ಹುಡುಕಿಕೊಂಡು ಈ ಮನುಷ್ಯ ಇನ್ನೆಷ್ಟು ಸಲ ಆ ಇಳಿಜಾರಿನಲ್ಲಿ ನಡೆಯಬೇಕು? ನನಗೆ ಭಯವಾಗುತ್ತದೆ ಅತ್ತೆ.

ಹಳೇ ರಿಲೇ ತೆಗೆದು ಹೊಸದು ಹಾಕಲು ಒಪ್ಪಿಗೆ ಸಿಕ್ಕಿದೆ. ಜೊತೆಗೆ ಸಿ.ಟಿ.ಗಳನ್ನೂ ಬದಲಾಯಿಸುತ್ತಾರೆ. ತಂತಿಯ ಕರೆಂಟನ್ನು ಅಳೆದು ರಿಲೇಗೆ ಹೇಳುವುದು ಅವೇ ತಾನೆ. ಅವುಗಳ ಮೇಲೆ ಒಂದು ಚುಕ್ಕಿ ಗುರುತು ಇರುತ್ತದಲ್ಲ, ಅದು ಯಾವ ಕಡೆಗಿರಬೇಕೆಂದು ನಕ್ಷೆಯಲ್ಲಿ ಬರೆದಿಲ್ಲ. ಎರಡೂ ತುದಿಯ ರಿಲೇಗಳಿಗೆ ಲೆಕ್ಕ ಹಾಕಿ ಕಳಿಸುವವರು ನೀವು. ಚುಕ್ಕಿ ನಿಮ್ಮ ಲೆಕ್ಕಕ್ಕೆ ಹೊಂದದೆ ತಿರುಗಿ ಕೂತರೆ ರಿಲೇಗೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಕಾಣುತ್ತದೆ. ದಯವಿಟ್ಟು ತಿಳಿಸಿ.

ಇತಿ,
ನಿಮ್ಮ ಸೊಸೆ


ಊರಿನ ಸಬ್‌ಸ್ಟೇಷನ್
ಮೇ ೧೪

ಸೊಸೆಗೆ ಆಶೀರ್ವಾದ.

ಫೋನ್ ಮೊದಲು ಇಟ್ಟವಳು ನಾನೇ. ತೀರ್ಮಾನವಾಯಿತಲ್ಲ.

ಮೊಣಕಾಲಿನ ಸುದ್ದಿ ಹೇಳಿದ್ದಕ್ಕೆ ಒಳ್ಳೆಯದಾಗಲಿ. ನನ್ನೆದುರು ಕೂತು "ಏನೂ ಆಗಿಲ್ಲಮ್ಮ, ಕೂತೂ ಕೂತೂ ಹಿಡ್ಕೊಂಡಿದೆ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ. ಪ್ಯಾಂಟು ಮೇಲಕ್ಕೆತ್ತು ಅಂದೆ. ಬದನೆಕಾಯಿಯ ಹಾಗಿತ್ತು.

ಈಗ ನನ್ನ ಮಾತು ಕೇಳು, ಬಾಯಿ ಹಾಕಲು ನಿನಗೆ ಅವಕಾಶವೂ ಇಲ್ಲ. ನಿನ್ನ ಗಾಳಿಯಂತ್ರಗಳು ಮುಟ್ಟಿದರೆ ಮುನಿಯ ಜಾತಿಯವು. ಎಲ್ಲೋ ದೂರದಲ್ಲಿ ಒಂದು ಲೈನಿಗೆ ಕೊಂಬೆ ತಗಲುತ್ತದೆ, ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಅಷ್ಟಕ್ಕೇ ಮುಖ ಊದಿಸಿಕೊಂಡು ಹೊರಟುಬಿಡುತ್ತವೆ. ಅಣೆಕಟ್ಟೆಯ ಯಂತ್ರಗಳು ಹಾಗಲ್ಲ. ಟನ್ನುಗಟ್ಟಲೆ ಉಕ್ಕು ತಿರುಗುತ್ತಿರುತ್ತದೆ, ಅಲುಗಾಡುತ್ತವೆ, ತಡೆದುಕೊಳ್ಳುತ್ತವೆ. ಆದರೆ ನಿನ್ನವು ಕೈಬಿಟ್ಟರೆ ಆ ಭಾರವೂ ಅವುಗಳ ಮೇಲೆ ಬಿದ್ದು ಓಲಾಡುತ್ತವೆ. ಓಲಾಟ ಅಳತೆ ಮೀರಿದರೆ ಒಂದರ ಹೆಜ್ಜೆ ಇನ್ನೊಂದಕ್ಕೆ ತಪ್ಪಿಹೋಗುತ್ತದೆ, ಆಮೇಲೆ ಊರಿಗೆ ಊರೇ ಕತ್ತಲು. ಇಲ್ಲಿ ಆಸ್ಪತ್ರೆ ಇದೆ, ನೆನಪಿರಲಿ. ನಾಲ್ಕು ಜನ ಬೀರು ಹೊತ್ತು ಮೆಟ್ಟಿಲು ಇಳಿಯುವಾಗ ಒಬ್ಬರು ಕೈಬಿಟ್ಟರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನೀವು ಮನೆ ಬದಲಾಯಿಸಿದ ದಿನ ನೀನು ಬೀರು ಬಿಟ್ಟದ್ದು ನನ್ನ ಹೆಬ್ಬೆರಳಿಗೆ ಇನ್ನೂ ನೆನಪಿದೆ.

ಆದ್ದರಿಂದ ನಿನ್ನ ಯಂತ್ರಗಳು ಇನ್ನಷ್ಟು ಹೊತ್ತು ತಡೆದುಕೊಳ್ಳುವಂತೆ ಹೊಂದಿಸು. ವೋಲ್ಟೇಜ್ ಕುಸಿದರೂ ಹಿಡಿದ ಕೈ ಬಿಡಕೂಡದು. ಹೊಸ ರಿಲೇಯ ಲೆಕ್ಕಗಳನ್ನು ಇದರ ಜೊತೆ ಇಟ್ಟಿದ್ದೇನೆ. ಚುಕ್ಕಿ ಈಚೆಗಿರಲಿ, ನಾನು ಲೆಕ್ಕ ಹಾಕಿರುವುದು ಹಾಗೆ.

ಅವನು ನನ್ನ ಒಬ್ಬನೇ ಮಗ ಎಂದು ಹೇಳಿದರೆ ನಾಟಕದ ಮಾತಾಗುತ್ತದೆ. ಆದರೂ ಹೇಳುತ್ತೇನೆ. ಬೆಟ್ಟ ಹತ್ತಿಸಿಕೊಂಡು ಹೋದೆ, ಇರಲಿ. ಜೋಪಾನ ಮಾಡು.

ಇತಿ,
ಅತ್ತೆ


ಬೆಟ್ಟದ ಗಾಳಿ ಕೇಂದ್ರ
ಜೂನ್ ೨

ಅತ್ತೆಯವರಿಗೆ ನಮಸ್ಕಾರ.

ಮೊದಲು ಬೀರಿನ ಸಂಗತಿ. ನೀವು ಮೇಲಿನ ಮೆಟ್ಟಿಲಿನಿಂದ "ಎತ್ತೋ" ಅಂದಿರಿ, ನಾನು ಕೆಳಗಿನಿಂದ "ಇಳಿಸ್ರೀ" ಅಂದೆ. ನಡುವೆ ಇದ್ದ ನಿಮ್ಮ ಮಗ ಇಬ್ಬರ ಮಾತೂ ಕೇಳಲು ಹೋಗಿ ಕೈಬಿಟ್ಟರು. ಪೆಟ್ಟು ಬಿದ್ದದ್ದು ನಿಮ್ಮ ಹೆಬ್ಬೆರಳಿಗೆ, ಹೆಸರು ಬಿದ್ದದ್ದು ನನಗೆ. ಅವತ್ತಿನಿಂದ ಇವರದು ಒಂದು ಹಟ. ಕಪಾಟು ಎಲ್ಲಿಡಲಿ ಎಂದು ಕೇಳಿದರೂ ಸರಿ, ರಜೆಗೆ ಎಲ್ಲಿಗೆ ಹೋಗೋಣ ಎಂದರೂ ಸರಿ, "ಅಮ್ಮ ಏನಂತಾಳೆ ಕೇಳು. ನೀವಿಬ್ರೂ ಒಂದೇ ಮಾತು ಹೇಳೋವರೆಗೂ ನಾನು ಕೂತಲ್ಲಿಂದ ಏಳಲ್ಲ" ಅನ್ನುತ್ತಾರೆ. ಹಾಗಾಗಿ ಮೂರು ವರ್ಷದಿಂದ ಕಪಾಟು ಹಜಾರದಲ್ಲೇ ಇದೆ.

ಯಂತ್ರಗಳನ್ನು ನೀವು ಹೇಳಿದಂತೆ ಹೊಂದಿಸಿದ್ದೇವೆ. ಇನ್ನು ಮುನಿಸಿಕೊಳ್ಳುವುದಿಲ್ಲ, ಹಲ್ಲು ಕಚ್ಚಿ ನಿಲ್ಲುತ್ತವೆ. ರಿಲೇಯೂ ಬಂತು, ಸಿ.ಟಿ.ಗಳೂ ಕೂತವು. ಚುಕ್ಕಿ ನೀವು ಹೇಳಿದ ಹಾಗೆಯೇ ಇದೆ, ನಾನೇ ಏಣಿ ಹತ್ತಿ ನೋಡಿದೆ. ಗುತ್ತಿಗೆದಾರರ ಜನ ಪರೀಕ್ಷೆ ಮುಗಿಸಿ ಹೋದರು. ಆದರೆ ಪರೀಕ್ಷೆಯ ದಿನ ಒಂದು ಎಲೆಯೂ ಅಲುಗಲಿಲ್ಲ. ಲೈನಿನಲ್ಲಿ ಹರಿಯುತ್ತಿದ್ದ ಕರೆಂಟು ಎಷ್ಟು ಕಡಿಮೆಯೆಂದರೆ ರಿಲೇಯ ಓದು, ಅಂದರೆ ಅದು ತೋರಿಸುವ ಅಳತೆ, ಸೊನ್ನೆಯ ಆಚೀಚೆ ತೂಗುತ್ತಿತ್ತು, ಹರಿವು ಯಾವ ದಿಕ್ಕಿಗೆಂದೇ ತಿಳಿಯುತ್ತಿರಲಿಲ್ಲ. "ಸರಿ ಇದೆ ಮೇಡಂ" ಎಂದು ಸಹಿ ಹಾಕಿದರು. ನಿಜವಾದ ಪರೀಕ್ಷೆ ಗಾಳಿ ಬಂದು ಯಂತ್ರಗಳು ತುಂಬಿ ತಿರುಗಿದಾಗಲೇ.

ನಿಮ್ಮ ಪತ್ರದಲ್ಲಿ ಒಂದು ಮಾತು ಓದಿ ನನಗೆ ಬಹಳ ಸಂತೋಷವಾಯಿತು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಮುಂದಿನ ಪತ್ರದಲ್ಲಿ ನೀವು ಅದನ್ನು ವಾಪಸು ತೆಗೆದುಕೊಳ್ಳಬಹುದು.

ಮೊಣಕಾಲಿನ ಊತ ಇಳಿದಿದೆ.

ಇತಿ,
ನಿಮ್ಮ ಸೊಸೆ


ಊರಿನ ಸಬ್‌ಸ್ಟೇಷನ್
ಜೂನ್ ೧೧

ಸೊಸೆಗೆ ಆಶೀರ್ವಾದ.

ಯಾವ ಮಾತು? ನನ್ನ ಪತ್ರದ ನಕಲು ನನ್ನ ಬಳಿ ಇಲ್ಲ. ಏನು ಬರೆದೆನೆಂದು ನೆನಪು ಮಾಡಿಕೊಂಡರೆ ಬೈದದ್ದೇ ನೆನಪಾಗುತ್ತಿದೆ. ಬೈಗುಳ ಓದಿ ಸಂತೋಷಪಡುವ ಪೈಕಿ ನೀನಲ್ಲ. ಮಗನನ್ನು ಕೇಳಿದರೆ "ನಾನು ಟಪಾಲು ಕಣಮ್ಮ, ಓದೋನಲ್ಲ" ಎಂದು ಬಿಂಕ ಮಾಡಿದ.

ಹೊಸ ರಿಲೇ ಬಂದಮೇಲೆ ಒಂದು ಸಲವೂ ಟ್ರಿಪ್ ಆಗಿಲ್ಲ. ಅವನೂ ನಡೆದಿಲ್ಲ. ನನಗೆ ಇದು ನೆಮ್ಮದಿ ಕೊಡಬೇಕಿತ್ತು. ಆದರೆ ನಾನು ಇಷ್ಟು ವರ್ಷ ರಿಲೇಗಳ ಜೊತೆ ಏಗಿದವಳು. ಬಾಯಿ ಬಡಿದುಕೊಳ್ಳುವ ರಿಲೇ ನನಗೆ ಅಷ್ಟು ಭಯ ಹುಟ್ಟಿಸುವುದಿಲ್ಲ, ಸುಮ್ಮನೆ ಕೂತ ರಿಲೇ ಹುಟ್ಟಿಸುತ್ತದೆ. ಅದು ಎಚ್ಚರವಾಗಿದೆಯೋ ಮಲಗಿದೆಯೋ ಗೊತ್ತಾಗುವುದು ಬೇಕಾದ ಹೊತ್ತಿಗೇ. ಗಾಳಿ ಎದ್ದ ಕೂಡಲೇ ಓದು ನೋಡು. ಮೊದಲು ಅದು, ಆಮೇಲೆ ಕಾಫಿ, ಚಹಾ ಎಲ್ಲ.

ಇತ್ತೀಚೆಗೆ ನಾನು ಒಂದು ವಿಷಯ ಯೋಚಿಸುತ್ತಿದ್ದೇನೆ. ನಿನ್ನ ಮಾತನ್ನು ನಾನು ಪೂರ್ತಿ ಕೇಳಿದ್ದು ಈ ಕಾಗದಗಳಲ್ಲೇ ಮೊದಲು. ಕೇಳಿದರೆ ನಷ್ಟವೇನೂ ಆಗುವುದಿಲ್ಲ ಎಂದು ಕಾಣುತ್ತಿದೆ. ಇನ್ನು ಮುಂದೆ ನೀನು ಹೇಳಿದ್ದನ್ನು ಕೂಡಲೇ ತಳ್ಳಿಹಾಕಬಾರದು ಎಂದುಕೊಂಡಿದ್ದೇನೆ. ಎಷ್ಟು ದಿನ ನಡೆಯುತ್ತದೋ ನೋಡೋಣ.

ಕಪಾಟನ್ನು ಒಳಗಿನ ಕೋಣೆಗೆ ಹಾಕಿಸು. ನನ್ನ ಒಪ್ಪಿಗೆ ಇದೆ.

ಇತಿ,
ಅತ್ತೆ


ಬೆಟ್ಟದ ಗಾಳಿ ಕೇಂದ್ರ
ಜೂನ್ ೨೪

ಅತ್ತೆಯವರಿಗೆ ನಮಸ್ಕಾರ.

ಗಾಳಿ ಇಲ್ಲ. ಯಂತ್ರಗಳು ರೆಕ್ಕೆ ಚಾಚಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿವೆ. ಕಂಟ್ರೋಲ್ ರೂಮಿನಲ್ಲಿ ನಮ್ಮ ಕೆಲಸವೆಂದರೆ ಆಕಳಿಸುವುದು. ಹೋದ ವರ್ಷ ಇಷ್ಟು ಹೊತ್ತಿಗೆ ಬಾಗಿಲು ತೆಗೆದರೆ ಕಾಗದಗಳೆಲ್ಲ ಹಾರಿಹೋಗುತ್ತಿದ್ದವು. ಹೀಗೆ ತಡೆದು ಬರುವ ಗಾಳಿ ಮೆಲ್ಲಗೆ ಬರುವುದಿಲ್ಲ ಎಂದು ಇಲ್ಲಿಯವರೆಲ್ಲ ಹೇಳುತ್ತಾರೆ. ಓದು ನೋಡುವುದನ್ನು ಮರೆತಿಲ್ಲ, ದಿನಾ ಬೆಳಿಗ್ಗೆ ರಿಲೇಯ ಮುಂದೆ ನಿಂತು ಬರುತ್ತೇನೆ. ಸೊನ್ನೆ, ಸೊನ್ನೆಗೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ.

ಕಪಾಟು ಒಳಗೆ ಹೋಯಿತು. ಇವರು ನಂಬಲೇ ಇಲ್ಲ. "ಅಮ್ಮ ಒಪ್ಪಿದ್ಲಾ? ನೀನೂ ಒಪ್ಪಿದ್ಯಾ? ಎಲ್ಲೋ ಏನೋ ಕೆಟ್ಟದಾಗುತ್ತೆ" ಎಂದು ತಮಾಷೆ ಮಾಡಿದರು.

ಇತಿ,
ನಿಮ್ಮ ಸೊಸೆ


ಊರಿನ ಸಬ್‌ಸ್ಟೇಷನ್
ಜುಲೈ ೧, ಬೆಳಿಗ್ಗೆ

ಸೊಸೆಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅವನು ಜೀಪಿನಲ್ಲಿ ಕೂತಾಗಿದೆ. ಮಧ್ಯಾಹ್ನದ ಮೇಲೆ ಬಿರುಗಾಳಿ ಎಂದು ಹವಾಮಾನದವರು ಹೇಳಿದ್ದಾರೆ. ಇವತ್ತು ಇಲ್ಲೇ ಇರು ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. "ಅವಳೊಬ್ಳೇ ಇದಾಳಮ್ಮ" ಅನ್ನುತ್ತಾನೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ರಾತ್ರಿಯಿಡೀ ಒಂದು ವಿಷಯ ಮನಸ್ಸಿನಲ್ಲಿ ಕೊರೆಯಿತು. ಚುಕ್ಕಿ ನಮ್ಮ ಊರಿನ ಕಡೆಗೆ, ಅಂದರೆ ಲೈನಿನ ಕಡೆಗೆ ಮುಖ ಮಾಡಿದೆ ತಾನೆ? ನಾನು ಹೇಳಿದ್ದು ಅದೇ. ಸುಮ್ಮನೆ ಕೇಳಿದೆ. ಗಾಳಿ ಏಳುವ ಮುಂಚೆ ಇನ್ನೊಂದು ಸಲ ನೋಡಿಬಿಡು.

ಹಾರನ್ ಹೊಡೆಯುತ್ತಿದ್ದಾನೆ.

ಅತ್ತೆ


ಬೆಟ್ಟ
ಜುಲೈ ೩

ಅತ್ತೆ,

ಇದನ್ನು ನಿಮ್ಮ ಮಗನ ಕೈಯಲ್ಲಿ ಕಳಿಸುತ್ತಿಲ್ಲ. ರಸ್ತೆಗೆ ಬಿದ್ದ ಮರ ಕಡಿಯಲು ಬಂದವರ ಕೈಯಲ್ಲಿ ಕಳಿಸುತ್ತಿದ್ದೇನೆ. ಗಾಬರಿಯಾಗಬೇಡಿ. ನಿನ್ನೆ ಫೋನ್ ಸರಿಹೋದಾಗ ನೀವು "ಹೇಗಿದ್ದಾನೆ" ಅಂದಿರಿ, ನಾನು "ಚೆನ್ನಾಗಿದ್ದಾರೆ" ಅಂದೆ, ಅಷ್ಟಕ್ಕೇ ಇಬ್ಬರೂ ಫೋನ್ ಇಟ್ಟೆವು. ಅವತ್ತು ಆದದ್ದನ್ನೆಲ್ಲ ನಿಮಗೆ ಹೇಳಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಕಿಟಕಿಯ ಗಾಜು ಒಂದೇ ಸಮನೆ ನಡುಗತೊಡಗಿತು. ಯಂತ್ರಗಳೆಲ್ಲ ಒಟ್ಟಿಗೆ ತಿರುಗಲು ಶುರು ಮಾಡಿದವು. ಓದು ನೋಡಬೇಕು ಎಂದು ಕೈ ತೊಳೆದುಕೊಂಡು ಎದ್ದೆ, ರಿಲೇಯ ಹತ್ತಿರ ಹೋಗಿರಲಿಲ್ಲ, ಅಷ್ಟರಲ್ಲೇ ದೀಪಗಳು ಕುಗ್ಗಿದವು. ಹಾರಿಬಂದ ಒಂದು ತಗಡು ಕಣಿವೆಯ ಹತ್ತಿರ ಲೈನಿಗೆ ಸುತ್ತಿಕೊಂಡಿತ್ತು, ಅದು ನನಗೆ ಗೊತ್ತಾದದ್ದು ಆಮೇಲೆ. ನಿಮ್ಮ ಕಡೆಯ ಬ್ರೇಕರ್ ಆ ಕ್ಷಣವೇ ತೆರೆಯಿತು. ನನ್ನದು ತೆರೆಯಲಿಲ್ಲ. ದೋಷ ಹಿಂದುಗಡೆ, ಗಾಳಿಯಂತ್ರಗಳ ಕಡೆ ಇದೆ ಎಂದು ನನ್ನ ರಿಲೇ ತೋರಿಸುತ್ತಿತ್ತು. ಯಂತ್ರಗಳು ನಾವು ಹೇಳಿಕೊಟ್ಟ ಪಾಠದಂತೆ ಹಿಡಿದ ಕೈ ಬಿಡದೆ ಆ ದೋಷಕ್ಕೇ ಕರೆಂಟು ಉಣಿಸುತ್ತಾ ನಿಂತವು. ತಾಳಿಕೊಳ್ಳುವಷ್ಟು ತಾಳಿಕೊಂಡು ಒಂದೊಂದಾಗಿ ಬಿಟ್ಟವು. ಅಷ್ಟು ಹೊತ್ತಿಗೆ ತಂತಿ ಸುಟ್ಟು ತುಂಡಾಗಿತ್ತು.

ಅದು ಬಿದ್ದದ್ದು ಕೆಳಗಿನ ರಸ್ತೆಯಲ್ಲಿ ಬರುತ್ತಿದ್ದ ಜೀಪಿನ ಮೇಲೆ. ಒಳಗೆ ಇವರೂ ಡ್ರೈವರೂ.

ಫೋನ್ ಸತ್ತಿತ್ತು. ನಾವು ವೈರ್‌ಲೆಸ್ಸಿನಲ್ಲಿ ಮಾತಾಡಿದ್ದು ನಿಮಗೆ ನೆನಪಿದೆ. ಆದರೂ ಬರೆಯುತ್ತೇನೆ, ಎರಡು ದಿನದಿಂದ ನನ್ನ ಕಿವಿಯಲ್ಲಿ ಅದೇ ಓಡುತ್ತಿದೆ. ನೀವು, "ಅಣೆಕಟ್ಟೆ ಯಂತ್ರಗಳು ಓಲಾಡ್ತಿವೆ ಕಣೇ, ಅರ್ಧ ಊರು ಕತ್ತಲು, ಆಸ್ಪತ್ರೆ ಜನರೇಟರ್ ಕೆಮ್ತಾ ಇದೆ. ನಿನ್ನ ಗಾಳಿ ಬೇಕು. ನನ್ನ ರಿಲೇ ದೋಷ ಲೈನಲ್ಲಿದೆ ಅಂತಿದೆ. ನಿಂದೇನಂತಿದೆ?" ಅಂದಿರಿ. ನಾನು, "ಹಿಂದೆ ಅಂತಿದೆ ಅತ್ತೆ. ನಮ್ಮ ಯಂತ್ರಗಳ ಕಡೆ. ಆ ಕಡೇದನ್ನೆಲ್ಲ ಕಡಿದುಹಾಕಿದೀನಿ. ಲೈನು ಚೆನ್ನಾಗಿದೆ" ಅಂದೆ. "ಖಾತ್ರಿನಾ?" "ಖಾತ್ರಿ." ನಿಮ್ಮ ಕಡೆ ಯಾರೋ ಏನೋ ಅಂದರು, ನೀವು ಬೇಡ ಅಂದಿರಿ. ಆಮೇಲೆ, "ನೀನು ಹೇಳ್ತಿದೀಯ ಅಂದ್ಮೇಲೆ ಆಯ್ತು. ಲೈನ್ ಚಾರ್ಜ್ ಮಾಡ್ತೀನಿ, ಕರೆಂಟು ಬಿಡ್ತೀನಿ" ಅಂದಿರಿ. ನಾನು, "ಮಾಡಿ" ಅಂದೆ.

ಇದನ್ನೆಲ್ಲ ಇವರು ಕೇಳಿಸಿಕೊಂಡರು ಅತ್ತೆ. ಜೀಪಿನ ವೈರ್‌ಲೆಸ್ಸಿನ ಏರಿಯಲ್ ಮುರಿದಿತ್ತು. ನಮ್ಮ ಮಾತು ಗೊರಗೊರ ಎಂದು ಕೇಳುತ್ತಿತ್ತು, ಇವರದು ನಮಗೆ ತಲುಪುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ತಂತಿ ಬಿದ್ದುಕೊಂಡಿದೆ, ಒಂದು ಕಿವಿಯಲ್ಲಿ ಅಮ್ಮ, ಇನ್ನೊಂದು ಕಿವಿಯಲ್ಲಿ ಹೆಂಡತಿ, ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ. ಬೇಡ ಬೇಡ ಎಂದು ಗಂಟಲು ಹರಿಯುವಂತೆ ಕೂಗಿದರಂತೆ. ಡ್ರೈವರ್ ಬಾಗಿಲು ತೆಗೆದು ಓಡಲು ಹೋದಾಗ ಕಾಲರ್ ಹಿಡಿದು ಎಳೆದು, "ಕಾಲು ಮೇಲಕ್ಕೆ ತಗೋ, ಕೈ ಮಡ್ಲಲ್ಲಿಟ್ಕೋ, ಏನನ್ನೂ ಮುಟ್ಬೇಡ" ಎಂದು ಕೂರಿಸಿದರು. ಒಬ್ಬರು ಕೆಳಗೆ ಕಾಲಿಟ್ಟಿದ್ದರೂ ಮುಗಿದುಹೋಗುತ್ತಿತ್ತು. ನೀವು ಚಾರ್ಜ್ ಮಾಡಿದಿರಿ. ನಾಲ್ಕೂ ಟೈರುಗಳು ಒಟ್ಟಿಗೆ ಸಿಡಿದವು. ಇವರು ತಂತಿಯ ಕಡೆಗೇ ನೋಡುತ್ತಿದ್ದರು.

ನಿಮ್ಮ ಬ್ರೇಕರ್ ಮರುಕ್ಷಣವೇ ತೆರೆಯಿತು. ಹಿಂದುಗಡೆಯನ್ನೆಲ್ಲ ಕಡಿದಿಟ್ಟಿದ್ದೇನೆ, ಆದರೂ ದೋಷ ಇದೆ ಎಂದರೆ ಅದು ಲೈನಿನಲ್ಲೇ ಇರಬೇಕು. ರಿಲೇಯಲ್ಲಿ ಉಳಿದಿದ್ದ ಹಿಂದಿನ ಓದು ತೆಗೆದು ನೋಡಿದೆ. ಯಂತ್ರಗಳು ತುಂಬಿ ತಿರುಗಿ ಊರಿಗೆ ಕರೆಂಟು ಕಳಿಸುತ್ತಿದ್ದ ಹೊತ್ತಿನಲ್ಲಿ ಅದು, ಊರಿನಿಂದ ಬೆಟ್ಟಕ್ಕೆ ಬರುತ್ತಿದೆ ಎಂದು ತೋರಿಸುತ್ತಿತ್ತು. ಕನ್ನಡಿ ನೋಡಿದ ಹಾಗೆ ಎಲ್ಲ ತಿರುಗುಮುರುಗು. ಜೀಪನ್ನು ವೈರ್‌ಲೆಸ್ಸಿನಲ್ಲಿ ಕೂಗಿದೆ. ಉತ್ತರವಿಲ್ಲ. ನನ್ನ ಬ್ರೇಕರನ್ನು ಕೈಯಿಂದಲೇ ತೆರೆದು, ಲೈನಿನ ಜನರನ್ನು ಕೂರಿಸಿಕೊಂಡು ಬೆಟ್ಟದ ಗಾಡಿಯಲ್ಲಿ ಇಳಿದೆ. ತಿರುವಿನಲ್ಲಿ ಕಂಡಿತು.

ಎರಡೂ ತುದಿ ತೆರೆದಿದೆ, ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಿದೆ ಎಂದು ನೀವು ವೈರ್‌ಲೆಸ್ಸಿನಲ್ಲಿ ಹೇಳಿದಿರಿ, ನಾನೂ ಹೇಳಿದೆ. ಇವರು ಬಾಗಿಲು ತೆಗೆಯಲಿಲ್ಲ. ನಮ್ಮ ಜನ ಅಲ್ಲೇ ತಂತಿಗೆ ಅರ್ತ್ ಕಡ್ಡಿ ಕಟ್ಟಿದರು. ನಾನು ಹೋಗಿ ಗಾಜು ತಟ್ಟಿದೆ. "ನಾನು ಕಣ್ರೀ, ತೆಗೀರಿ." ಕಣ್ಣು ಮುಚ್ಚಿಕೊಂಡೇ, "ಅಮ್ಮನ್ನೂ ಕೇಳಿದ್ಯಾ?" ಅಂದರು. "ಕೇಳಿದೆ." "ಆಗ್ಲೂ ಇಬ್ರೂ ಒಪ್ಪಿದ್ರಲ್ಲೇ" ಅಂದರು. ತಮಾಷೆಗೇ ಅಂದದ್ದು. ನಾನು ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ.

ಮೈಗೆ ಏನೂ ಆಗಿಲ್ಲ. ಕಣ್ಣಿಗೆ ಬೆಳಕು ಹೊಡೆದಿದೆ. ಇಲ್ಲಿಯ ಡಾಕ್ಟರು ಬ್ಯಾಂಡೇಜು ಕಟ್ಟಿದ್ದಾರೆ. ಬಿಚ್ಚಿದಾಗಲೇ ಗೊತ್ತಾಗುವುದು, ದೃಷ್ಟಿ ಮರಳುವ ಸಂಭವವೇ ಹೆಚ್ಚು ಎಂದಿದ್ದಾರೆ. ಹೆಚ್ಚು ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನನಗಿಲ್ಲ.

ನಿಮ್ಮ ಜುಲೈ ಒಂದರ ಪತ್ರ ಇವರ ಅಂಗಿ ಜೇಬಿನಲ್ಲಿತ್ತು. ಆ ರಾತ್ರಿ ಓದಿದೆ. ಚುಕ್ಕಿ ಊರಿನ ಕಡೆಗಿಲ್ಲ ಅತ್ತೆ. ಯಾರ್ಡಿನಲ್ಲಿ, ಅಂದರೆ ಬ್ರೇಕರು ಸಿ.ಟಿ.ಗಳಿರುವ ಬೇಲಿಯೊಳಗೆ, ನಾವೆಲ್ಲ ಒಳಗಿನದಕ್ಕೆ ಈಚೆ, ಲೈನಿಗೆ ಆಚೆ ಅನ್ನುತ್ತೇವೆ. ನೀವು ಮೇ ತಿಂಗಳಲ್ಲಿ "ಈಚೆಗಿರಲಿ" ಎಂದು ಬರೆದಿದ್ದಿರಿ. ನಾನು ಈಚೆ ಎಂದರೆ ನಮ್ಮ ಕಡೆ, ಬೆಟ್ಟದ ಕಡೆ ಎಂದುಕೊಂಡೆ. ಇನ್ನೊಂದು ಸಲ ಕೇಳಬಹುದಿತ್ತು, ಕೇಳಬೇಕಿತ್ತು. ಯಾಕೆ ಕೇಳಲಿಲ್ಲ ಎಂದು ಈಗ ಹೇಳುತ್ತೇನೆ. ನಾನು ನಿಮಗೆ ಹೇಳದೆ ಇಟ್ಟುಕೊಂಡಿದ್ದ ಮಾತು ಅದೇ. ಮದುವೆಯಾದಾಗಿನಿಂದ ನಿಮಗೆ ನಾನಿರುವ ಜಾಗ ಯಾವಾಗಲೂ ಆಚೆ. ಆಚೆ ಮನೆ, ಆಚೆಯವರು, ಆಚೆಗೆ ಹೋದ ಮಗ. ಮೊದಲ ಸಲ ನೀವು ನನ್ನ ಬೆಟ್ಟವನ್ನು ಈಚೆ ಅಂದಿರಿ ಎಂದು ನಾನು ಹಿಗ್ಗಿದೆ. ಆ ಹಿಗ್ಗಿನಲ್ಲಿ ಏಣಿ ಹತ್ತಿ, ಚುಕ್ಕಿಯನ್ನು ನಮ್ಮ ಕಡೆಗೆ ತಿರುಗಿಸಿ ಕೂರಿಸಿದ್ದನ್ನು ನೋಡಿ ಇಳಿದುಬಂದೆ.

ನಿಮ್ಮ ಸೊಸೆ


ಊರು
ಜುಲೈ ೫

ಮಗು,

ನಿನ್ನ ಪತ್ರ ಓದಿ ಮುಗಿಸಿ ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ವಿಚಾರಣೆಗೆ ಬಂದ ಅಧಿಕಾರಿಗಳು ಬೆಟ್ಟದವರು ಚುಕ್ಕಿ ತಪ್ಪಾಗಿ ಕೂರಿಸಿದ್ದಾರೆ ಎಂದು ಬರೆದುಕೊಳ್ಳುತ್ತಿದ್ದರು. "ಅವಳದಲ್ಲ, ನಂದು. ಯಾರ್ಡಿಗೆ ಬರೀಬೇಕಾದ ಮಾತನ್ನ ಮನೆಗೆ ಬರೆದ ಹಾಗೆ ಬರೆದೆ" ಎಂದು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ. ಇಷ್ಟು ವರ್ಷ ಯಾರ್ಡಿನಲ್ಲಿ ನಾನೂ ಒಳಗಿನದಕ್ಕೇ ಈಚೆ ಎಂದವಳು. ಆದರೆ ಆ ಪತ್ರ ಬರೆಯುವಾಗ ನಾನು ಇಂಜಿನಿಯರ್ ಆಗಿರಲಿಲ್ಲ, ಮಗ ದೂರವಾದ ಒಬ್ಬ ತಾಯಿಯಾಗಿ ಈ ಮೇಜಿನ ಮುಂದೆ ಕೂತಿದ್ದೆ. ಈಚೆ ಎಂದರೆ ನಾನಿರುವ ಕಡೆ. ಉಳಿದದ್ದೆಲ್ಲ ಆಚೆ.

ನೀನು ಹಿಗ್ಗಿದೆ ಎಂದು ಓದಿ ನನಗೆ ತಲೆ ಎತ್ತಲಾಗಲಿಲ್ಲ. ಯಾಕೆಂದರೆ ನಾನು ನಿನ್ನ ಬೆಟ್ಟವನ್ನು ಈಚೆ ಅಂದಿರಲಿಲ್ಲ. ಅನ್ನಬಹುದೆಂದು ನನಗೆ ಹೊಳೆದೂ ಇರಲಿಲ್ಲ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ.

ಇನ್ನೊಂದು ಮಾತು. ಅವತ್ತು ನನ್ನ ರಿಲೇ ದೋಷ ಲೈನಿನಲ್ಲಿದೆ ಎಂದು ಬಾಯಿ ಬಡಿದುಕೊಳ್ಳುತ್ತಿತ್ತು. ಪಾಳಿಯ ಇಂಜಿನಿಯರ್ ಕೂಡ "ಒಂದ್ಸಲ ಲೈನ್ ನೋಡಿಸೋಣ ಮೇಡಂ" ಅಂದ. ನೋಡಿಸುವುದೆಂದರೆ ಆ ಗಾಳಿಯಲ್ಲಿ ನನ್ನ ಮಗನನ್ನೇ ನಡೆಸುವುದು. ಬೇಡ ಅಂದೆ. ನಿನ್ನ ಮಾತನ್ನು ಇನ್ನು ತಳ್ಳಿಹಾಕುವುದಿಲ್ಲ ಎಂದು ನಿನಗೇ ಬರೆದುಕೊಟ್ಟಿದ್ದೆನಲ್ಲ, ಅದನ್ನೂ ನಡೆಸಿಕೊಡುವ ಹುಮ್ಮಸ್ಸು. ಅವನನ್ನು ಕಾಪಾಡಲು ಹೋಗಿ, ನಿನ್ನನ್ನು ನಂಬಲು ಹೋಗಿ, ನನ್ನ ಕೈಯಾರೆ ಗುಂಡಿ ಒತ್ತಿದೆ.

ಆದರೂ ನಿನ್ನನ್ನು ನಂಬಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಚುಕ್ಕಿಯನ್ನು ತಿರುಗಿಸೋಣ. ಇದನ್ನು ತಿರುಗಿಸುವುದು ಬೇಡ.

ರಸ್ತೆ ನಾಳೆ ತೆರೆಯುತ್ತದಂತೆ. ರಜೆ ಹಾಕಿದ್ದೇನೆ. ಬರಬೇಡ ಎಂದು ಹೇಳಬೇಕೆಂದಿದ್ದರೆ ಕಾಗದ ಬರೆ, ಅದು ಇಲ್ಲಿಗೆ ತಲುಪುವಷ್ಟರಲ್ಲಿ ನಾನು ಅಲ್ಲಿರುತ್ತೇನೆ.

ಅತ್ತೆ


ಈಚೆ
ಜುಲೈ ೧೨

ಮಗು,

ನೀನು ಬೆಳಿಗ್ಗೆ ಯಾರ್ಡಿಗೆ ಹೋದಮೇಲೆ ಇದನ್ನು ಬರೆದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವುದು ವಿಚಿತ್ರವೇ. ಆದರೆ ಕೆಲವು ಮಾತುಗಳನ್ನು ನೀನು ಬಾಯಿ ಹಾಕದೆ ಕೇಳಬೇಕು.

ಗಾಳಿ ಚೆನ್ನಾಗಿ ಬೀಸುತ್ತಿದೆ. ತಿರುಗಿಸಿದ ಚುಕ್ಕಿ, ತುಂಬಿ ತಿರುಗುವ ಯಂತ್ರಗಳು, ನೀನೂ ಪರೀಕ್ಷೆಯವರೂ ರಿಲೇಯ ಮುಂದೆ. ಸ್ವಲ್ಪ ಹೊತ್ತಿನ ಹಿಂದೆ ನಿನ್ನ ಜವಾನ ಬಂದು, "ಓದು ಸರಿ ಇದೆಯಂತೆ, ಕರೆಂಟು ಬೆಟ್ಟದಿಂದ ಊರಿಗೆ ಹೋಗ್ತಿದೆ ಅಂತ ಅಮ್ಮಾವ್ರಿಗೆ ಹೇಳು ಅಂದ್ರು" ಎಂದು ಒಪ್ಪಿಸಿಹೋದ. ಬೆಟ್ಟದಿಂದ ಊರಿಗೆ. ನೀನು ಆಚೆ ಈಚೆ ಅನ್ನದೆ ಹೇಳಿಕಳಿಸಿದ್ದು ನೋಡಿ ನಕ್ಕೆ.

ಡಾಕ್ಟರು ನಿರೀಕ್ಷೆಗಿಂತ ಬೇಗ ಬಂದರು. ನೀನು ಬರುವವರೆಗೆ ಕಾಯೋಣ ಅಂದೆ, ನಿನ್ನ ಗಂಡ ಕೇಳಲಿಲ್ಲ. ಬ್ಯಾಂಡೇಜು ಬಿಚ್ಚಿದರು. ಕಿಟಕಿಯ ಪರದೆ ಎಳೆದಿತ್ತು. ಅವನು ರೆಪ್ಪೆ ತೆರೆದು ಕೋಣೆಯ ಸುತ್ತ ಮುಖ ತಿರುಗಿಸಿದ. ಆಮೇಲೆ, "ಕಪಾಟನ್ನ ಓರೆಯಾಗಿ ಇಟ್ಟಿದೀರಲ್ಲೇ" ಅಂದ. ಕಾಣುತ್ತಿದೆ ಮಗು. ಮಂಜು ಮಂಜು ಅನ್ನುತ್ತಾನೆ, ಕೆಲವು ವಾರಗಳಲ್ಲಿ ಅದೂ ಹೋಗುತ್ತದೆ ಎಂದರು ಡಾಕ್ಟರು. ನಾನು ಅತ್ತುಬಿಟ್ಟೆ, ಅವನು ನಕ್ಕ, ಡಾಕ್ಟರು ಬ್ಯಾಗು ಹುಡುಕುವವರ ಹಾಗೆ ಆ ಕಡೆ ತಿರುಗಿದರು.

ನನ್ನ ಮುಖ ನೋಡಿದ ಮೇಲೆ ಅವನು ಕೇಳಿದ ಮೊದಲ ಮಾತು, "ಅವಳೆಲ್ಲಮ್ಮ?"

"ಆಚೆ ಹೋಗಿದಾಳೆ, ಈಗ ಬರ್ತಾಳೆ" ಅಂದೆ.

ಅಂದದ್ದು ನನ್ನ ಕಿವಿಗೇ ಬಿತ್ತು. ಯಾರ್ಡಿನ ಕಡೆಗೆ, ಲೈನಿನ ಕಡೆಗೆ, ನಮ್ಮ ಊರು ಇರುವ ಕಡೆಗೆ ಕೈ ತೋರಿಸಿ ಆಚೆ ಅಂದಿದ್ದೆ. ಯೋಚಿಸಿ ಆಡಿದ ಮಾತಲ್ಲ ಅದು, ತಾನಾಗಿ ಬಾಯಿಗೆ ಬಂತು. ಮೇ ತಿಂಗಳಲ್ಲಿ ನೀನು ನನ್ನ ಕಾಗದದಲ್ಲಿ ಓದಿದ್ದನ್ನು ನಾನು ಆಗ ಬರೆದಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವನು ಮಲಗಿದ್ದಾನೆ. ನೀನು ಬಂದಾಗ ಬಾಗಿಲು ತಟ್ಟಿ ಎಬ್ಬಿಸಬೇಡ. ಈಚೆಯಿಂದ ಚಿಲಕ ಹಾಕಿಲ್ಲ, ತಳ್ಳಿಕೊಂಡು ಬಾ.

ನಿನ್ನ ಅತ್ತೆ